ಹದಿನೇಳನೇ ಮನೆ

ಬಾಗಿಲು ತೆಗೆದರೆ ಮಗ ಮಾತಾಡುತ್ತಾನೆ. ಮಗ ಮನೆಯಲ್ಲಿರುವುದಿಲ್ಲ, ಬೆಳಿಗ್ಗೆ ಏಳೂವರೆಗೆಲ್ಲ ಕಾರು ಹತ್ತಿ ಮೌಂಟನ್ ವ್ಯೂನ ಆಫೀಸಿಗೆ ಹೋಗಿರುತ್ತಾನೆ. ಆದರೂ ಹುಚ್ಚಮ್ಮ ಹೊಸಿಲಿಂದ ಒಂದು ಕಾಲು ಆಚೆ ಇಟ್ಟರೆ ಸಾಕು, ಬಾಗಿಲ ಪಕ್ಕದ ಕ್ಯಾಮೆರಾ ಬೆಲ್ಲಿನ ಕರೀ ಗುಂಡಿಯೊಳಗಿಂದ "ಅವ್ವಾ, ಎಲ್ಲಿಗೆ?" ಅಂತ ಗುರುಕಿರಣನ ದನಿ ಬರುತ್ತದೆ. ಮೊದಲ ಸಲ ಮುದುಕಿಯ ಜೀವ ಬಾಯಿಗೆ ಬಂದಿತ್ತು. "ಎಲ್ಲಿಗೂ ಇಲ್ಲ ಕಣಪ್ಪ, ಬಾಗ್ಲಿಗೆ ನೀರಾಕನ ಅಂತ" ಅಂದಳು. "ಬೇಡ, ಒಳಗೆ ಹೋಗವ್ವ, ನಾನು ಮೀಟಿಂಗಲ್ಲಿದೀನಿ" ಅಂತು ಗುಂಡಿ. ಹೆತ್ತ ಮಗ ಗುಂಡಿಯಾಗಿ ಬಾಗಿಲು ಕಾಯುವ ಕಾಲ ಬಂತಲ್ಲಪ್ಪ ಶಿವನೇ ಅಂದುಕೊಂಡು ಒಳಗೆ ಬಂದು ಕೂತಳು. ಅವತ್ತಿನಿಂದ ಕೂತೇ ಇದ್ದಾಳೆ.

ಹೀಗೆ ಕೂರಿಸಿದ್ದಕ್ಕೆ ಕಾರಣವಿತ್ತು, ಅವನ ಪ್ರಕಾರ. ಯೂನಿಯನ್ ಸಿಟಿಗೆ ಬಂದ ಎರಡನೇ ತಿಂಗಳಲ್ಲಿ ಹುಚ್ಚಮ್ಮ ರೈಲಿನ ಸದ್ದು ಹಿಡಿದು ನಡೆದು ಹೋಗಿ, ಸ್ಟೇಷನ್ನಿನ ಎದುರು ಬೆಂಚಿನ ಮೇಲೆ ಕೂತು, ಬರೋ ರೈಲು ಹೋಗೋ ರೈಲು ನೋಡುತ್ತಾ ಇಡೀ ಮಧ್ಯಾಹ್ನ ಕಳೆದಿದ್ದಳು. ಮದ್ದೂರಿನ ಕಡೆಯವಳು, ರೈಲು ನೋಡುವುದು ಅವಳ ಹಳೇ ಚಟ. ಪೊಲೀಸಿನವಳೊಬ್ಬಳು ಬಂದು ಏನೇನೋ ಕೇಳಿದಳು. ಹುಚ್ಚಮ್ಮನಿಗೆ ಮನೆಯ ದಾರಿ ಗೊತ್ತಿತ್ತು, ಇಂಗ್ಲಿಷ್ ಗೊತ್ತಿರಲಿಲ್ಲ. ಆದದ್ದು ಅಷ್ಟೇ. ಆದರೆ ಪೊಲೀಸ್ ಕಾರಿನಿಂದ ಇಳಿದ ಅವ್ವನನ್ನು ನೋಡಿ ಮಗ ದಿಗಿಲುಬಿದ್ದ. ಮಾರನೇ ವಾರವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದ.

ಅಲ್ಲಿ ಫೋನಿನಲ್ಲಿ ಒಬ್ಬ ಕನ್ನಡದವನನ್ನು ಹಿಡಿದಿಟ್ಟಿದ್ದರು. ಅವನೋ ಹರಿಕಥೆ ದಾಸರ ಹಾಗೆ ಗ್ರಾಂಥಿಕ ಬಿಡುತ್ತಿದ್ದ. "ಇಂದಿನ ದಿನಾಂಕವೇನು?" "ಅಮಾಸೆ ಕಳ್ದು ಮೂರ್ ದಿನ" ಅಂದಳು. ತಪ್ಪು ಅಂತ ಬರೆದುಕೊಂಡರು. "ಗಡಿಯಾರದ ಚಿತ್ರವನ್ನು ಬಿಡಿಸಿರಿ." ಹುಟ್ಟಿದಾಗಿಂದ ಬಳಪ ಹಿಡಿಯದ ಕೈಗೆ ಪೆನ್ನು ಕೊಟ್ಟರೆ ಏನು ಬಿಡಿಸುತ್ತಾಳೆ? ಕುಂಬಳಕಾಯಿ ಬಿಡಿಸಿದಳು. "ಮೂರು ಪದಗಳನ್ನು ಹೇಳುತ್ತೇನೆ, ಐದು ನಿಮಿಷಗಳ ನಂತರ ಮರಳಿ ಹೇಳಬೇಕು. ಕೊಡೆ, ಕುದುರೆ, ಕಿತ್ತಳೆ." ಐದು ನಿಮಿಷ ಬಿಟ್ಟು ಕೇಳಿದಾಗ ಹುಚ್ಚಮ್ಮ ಬಾಯೇ ಬಿಡಲಿಲ್ಲ. ಏಳೂರ ಮದುವೆಗೆ ಗಾಡಿ ಕಟ್ಟಿ ಕರೆಸಿಕೊಳ್ಳುತ್ತಿದ್ದ ಸೋಬಾನೆಯವಳು ಅವಳು. ಎಣ್ಣೆ ಅರಿಸಿನದಿಂದ ಹೆಣ್ಣು ಕಳಿಸುವವರೆಗೆ ಹಾಡಿದರೂ ಒಂದು ಸಾಲು ಎರಡು ಸಲ ಬರುತ್ತಿರಲಿಲ್ಲ. ಅಂಥವಳಿಗೆ ಅಂಗನವಾಡಿ ಮಗುವಿನ ಹಾಗೆ ಕೊಡೆ ಅನ್ನು ಕುದುರೆ ಅನ್ನು ಅಂದರೆ ಸಿಟ್ಟು ಬರದೆ ಇರುತ್ತದಾ? ಬಂತು. ಮೂತಿ ತಿರುಗಿಸಿ ಕೂತಳು. ಆ ಸಿಟ್ಟಿಗೆ ಡಾಕ್ಟರು ಮರೆವಿನ ಕಾಯಿಲೆ ಅಂತ ಹೆಸರಿಟ್ಟರು.

ಹೆಸರು ಇಟ್ಟಿದ್ದೇ ಇಟ್ಟಿದ್ದು, ಆಮೇಲೆ ಎಲ್ಲಕ್ಕೂ ಅದೇ ಹೆಸರು. ಸಾರಿಗೆ ಉಪ್ಪು ಜಾಸ್ತಿಯಾದರೆ ಕಾಯಿಲೆ. ಕನ್ನಡಕ ಸಿಗದಿದ್ದರೆ ಕಾಯಿಲೆ. ಸೊಸೆ ನವ್ಯಾ ಒಳ್ಳೆಯವಳೇ, "ಅತ್ತೆ, ನೀವು ಸ್ಟವ್ ಹಚ್ಚಬೇಡಿ, ನಾನು ಬಂದು ಮಾಡ್ತೀನಿ" ಅಂತ ನಯವಾಗಿ ಹೇಳಿ ಸ್ಟವ್‌ನ ತಿರುಗಿಸುವ ಗುಂಡಿಗಳನ್ನೇ ಕಿತ್ತು ಡ್ರಾಯರಿನಲ್ಲಿ ಇಟ್ಟಳು. ನಾಲ್ಕು ಜನ ನಾಯಿ ಅಂದರೆ ಹೆಗಲ ಮೇಲಿನ ಕುರಿಯೂ ನಾಯಿಯಾಗುತ್ತದಂತೆ. ಬರಬರುತ್ತಾ ಹುಚ್ಚಮ್ಮನಿಗೇ ಅನುಮಾನ ಹತ್ತಿತು. ದಿನಾ ಮಧ್ಯಾಹ್ನ ಸೋಫಾದ ಮೇಲೆ ಕೂತು, ಯಾರಿಗೂ ಕೇಳದ ಹಾಗೆ, "ಕೊಡೆ, ಕುದುರೆ, ಕಿತ್ತಳೆ" ಅಂದುಕೊಳ್ಳುತ್ತಿದ್ದಳು. ಮೂರೂ ಇವೆ ಅಂತ ಖಾತ್ರಿಯಾದ ಮೇಲೆ ನಿದ್ದೆ.

ಅವಳಿಗಿದ್ದ ಒಂದೇ ಸಂಗ ಹಿತ್ತಲ ಬೇಲಿಯಾಚೆಯ ದನಿ. ಆಳೆತ್ತರದ ಮರದ ಹಲಗೆಗಳ ಬೇಲಿ. ಆಚೆ ಮನೆಯಲ್ಲಿ ಫಿಟ್ಸ್‌ರಾಯ್ ಅನ್ನುವ ಮುದುಕ, ಟ್ರಿನಿಡಾಡ್ ಅನ್ನುವ ದ್ವೀಪದವನು, ಎಪ್ಪತ್ತೈದು ದಾಟಿದವನು. ಹುಚ್ಚಮ್ಮ ಅವನನ್ನು ಪಿಟ್ರಾಯಪ್ಪ ಮಾಡಿಕೊಂಡಿದ್ದಳು. ದಿನಾ ಬೆಳಿಗ್ಗೆ ಹತ್ತಕ್ಕೆ ಅವನು ಒಂದು ಕೊಪ್ಪರಿಗೆಯಂಥದ್ದನ್ನು ಹಿತ್ತಲಿಗೆ ತಂದು, ಸ್ಟ್ಯಾಂಡಿಗೆ ತೂಗುಹಾಕಿ, ತುದಿಗೆ ರಬ್ಬರು ಸುತ್ತಿದ ಎರಡು ಕಡ್ಡಿಯಿಂದ ಬಡಿಯುತ್ತಿದ್ದ. ಎಣ್ಣೆ ಡ್ರಮ್ಮಿನ ತಳ ಕತ್ತರಿಸಿ, ಬಟ್ಟಲಾಗಿ ತಗ್ಗಿಸಿ, ಅದರೊಳಗೆ ಸುತ್ತಲೂ ಉಬ್ಬು ಎಬ್ಬಿಸಿದ್ದು ಅದು. ಒಂದೊಂದು ಉಬ್ಬಿಗೆ ಒಂದೊಂದು ಸ್ವರ. ಅವರು ಅದಕ್ಕೆ ಪ್ಯಾನ್ ಅಂತಾರೆ. ಮೊದಲ ದಿನ ಕೇಳಿದಾಗ ಹುಚ್ಚಮ್ಮ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟಳು. ಗುಡಿಯ ಗಂಟೆಗೆ ಮಾತು ಬಂದ ಹಾಗಿತ್ತು. "ಅಯ್ಯೋ, ಏನ್ ಚೆಂದಾಗದೆ ಕಣವ್ವಾ!" ಅಂತ ಜೋರಾಗಿಯೇ ಅಂದಳು, ಕೇಳುವವರಿಲ್ಲದ ಮನೆಯಲ್ಲಿ.

ಅವನು ನುಡಿಸುತ್ತಿದ್ದುದು ಒಂದೇ ಪದ. ಒಂದಿಷ್ಟು ಬಡಿಯುವುದು, ನಿಲ್ಲಿಸುವುದು, ಬಗ್ಗಿ ಪ್ಯಾನಿನ ಹೊರಸುತ್ತನ್ನು ನೋಡುವುದು, ಮತ್ತೆ ಬಡಿಯುವುದು. ಹಲಗೆ ಸಂದಿಯಲ್ಲಿ ಅವಳು ಇದನ್ನೆಲ್ಲ ನೋಡಿದ್ದಳು. ನಾಲ್ಕು ತಿಂಗಳು ಅದೇ ಪದ. ಸೊಲ್ಲು ಹಿಡಿದು ಬೆಳೆದ ಕಿವಿ, ಬೇಡ ಅಂದರೂ ಹಿಡಿಯಿತು.

ಅಕ್ಟೋಬರಿನ ಒಂದು ಬೆಳಿಗ್ಗೆ ಪಿಟ್ರಾಯಪ್ಪ ಪ್ಯಾನನ್ನು ಹಿತ್ತಲಲ್ಲೇ ಬಿಟ್ಟು ಮಗಳ ಕಾರಿನಲ್ಲಿ ಎಲ್ಲಿಗೋ ಹೋದ. ಮಧ್ಯಾಹ್ನ, ಆರು ತಿಂಗಳಿಂದ ಹನಿ ಕಾಣದ ಊರಿಗೆ ದಿಢೀರಂತ ಮಳೆ ಬಂತು.

ನೆರೆಯವರು ಅಂಗಳದಲ್ಲಿ ರಾಗಿ ಹರಡಿ ಹೊಲಕ್ಕೆ ಹೋಗಿರುತ್ತಾರೆ, ಮಳೆ ಬರುತ್ತದೆ. ಆಗ ಯಾರೂ ಕೇಳಿ ಹೇಳಿ ಮಾಡುವುದಿಲ್ಲ. ಮನೆಯಲ್ಲಿದ್ದವರು ಓಡಿ ಬಳಿದು ಒಳಗಿಡುತ್ತಾರೆ. ಮಾತು ಬಿಟ್ಟ ದಾಯಾದಿಯದ್ದಾದರೂ ಇಡಬೇಕು, ಜಗಳ ಆಮೇಲೆ ಆಡಿಕೊಳ್ಳಬಹುದು. ಹುಚ್ಚಮ್ಮ ಎರಡು ಸಲ ಯೋಚಿಸಲಿಲ್ಲ. ಬೇಲಿಯಲ್ಲಿ ಒಂದು ಹಲಗೆ ಸಡಿಲವಾಗಿತ್ತು, ಸರಿಸಿ ನುಗ್ಗಿದಳು. ಪ್ಯಾನನ್ನು ಸೊಂಟಕ್ಕೆ ಆನಿಸಿಕೊಂಡು ಮನೆಗೆ ತಂದಳು. ಮೂರು ತಿಂಗಳಲ್ಲಿ ಮೊದಲ ಸಲ ಅವಳ ಕೈಗೆ ಒಂದು ಕೆಲಸ ಸಿಕ್ಕಿತ್ತು. ಖುಷಿಯಾಯಿತು, ಸುಳ್ಳು ಯಾಕೆ ಹೇಳಬೇಕು.

ಅಲ್ಲಿಗೆ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಮನೆಗೆ ಬಂದ ಪಾತ್ರೆಯನ್ನು ಕೊಳಕಾಗಿ ವಾಪಸ್ಸು ಕಳಿಸಿದ ಮನೆತನ ಅಲ್ಲ ಅವಳದು. ಪ್ಯಾನಿನ ಹೊರಸುತ್ತಿಗೆಲ್ಲ ಗಡಸು ನೀರು ಕೂತು ಒಣಗಿದ ಹಾಗೆ ಬಿಳೀ ಗೀಟು, ಬಿಳೀ ಕಲೆ. ಬಚ್ಚಲಿನಲ್ಲಿ ಕೂತು ಹುಣಸೆಹಣ್ಣು, ಉಪ್ಪು ಹಾಕಿ, ಪೂಜೆಯ ಕಾಯಿ ಸುಲಿದು ಎತ್ತಿಟ್ಟಿದ್ದ ನಾರಿನಲ್ಲಿ ಮಲಗಿದ ತೋಳು ಏಳುವ ಹಾಗೆ ಉಜ್ಜಿದಳು. ಮುಖ ಕಾಣುವ ಹಾಗೆ ಹೊಳೆಯಿತು. ಬರೀ ಪಾತ್ರೆ ಕಳಿಸಬಾರದು ಅಂತ, ನವ್ಯಾ ಹಬ್ಬಕ್ಕೆ ಕರಿದು ಮಿಕ್ಕಿಸಿದ್ದ ಕಜ್ಜಾಯ ಎಂಟನ್ನು ಅದರ ನಡುವೆ ಇಟ್ಟು, ಸ್ಕೂಲಿನಿಂದ ಬಂದ ಮೊಮ್ಮಗಳು ನಿಸರ್ಗಾಳನ್ನು ಜೊತೆಗೆ ಕರೆದುಕೊಂಡು, ಸಂಜೆ ಅದೇ ಹಲಗೆ ಸಂದಿಯಿಂದ ಕೊಟ್ಟು ಬರಲು ಹೋದಳು.

ಪಿಟ್ರಾಯಪ್ಪ ಪ್ಯಾನನ್ನು ಕೈಗೆ ತೆಗೆದುಕೊಂಡ. ಒಂದು ಸುತ್ತು ತಿರುಗಿಸಿದ. ಇನ್ನೊಂದು ಸುತ್ತು ತಿರುಗಿಸಿದ. ಆಮೇಲೆ ಒದ್ದೆ ಹುಲ್ಲಿನ ಮೇಲೆ ಹಾಗೇ ಕೂತುಬಿಟ್ಟ.

ನಿಸರ್ಗಾ ಒಂಬತ್ತು ವರ್ಷದವಳು. ಕನ್ನಡ ಅರ್ಥವಾಗುತ್ತದೆ, ಮಾತಾಡಲು ನಾಚಿಕೆ. ಅವತ್ತು ಬೇರೆ ದಾರಿಯಿರಲಿಲ್ಲ. ಮುದುಕ ಅವಳಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದ. "ಅಜ್ಜಿ, ಅದು ಡರ್ಟ್ ಅಲ್ಲ" ಅಂದಳು. "ಅದು ಅವರ ಅಣ್ಣ ಬರೆದಿದ್ದು. ನಂಬರ್ಸ್. ಯಾವ ನೋಟ್ ಆದ್ಮೇಲೆ ಯಾವ ನೋಟ್ ಅಂತ."

ಮುದುಕ ಮೆಲ್ಲಗೆ ಹೇಳುತ್ತಾ ಹೋದ, ಹುಡುಗಿ ಎಡವುತ್ತಾ ಕನ್ನಡಕ್ಕೆ ತಂದಳು. ಅವರ ಊರಿನ ಗುಡ್ಡದ ಮೇಲೆ ಒಂದು ಓಣಿ ಇತ್ತು, ಇಪ್ಪತ್ತೆರಡು ಮನೆಯದು. ಈಗ ಅದಿಲ್ಲ. ಕೆಡವಿದರು, ಜನ ದಿಕ್ಕಿಗೊಬ್ಬರಾದರು, ಒಂದಷ್ಟು ಮನೆಯವರು ಈ ಕಡೆಗೆ ಬಂದರು. ಅವನ ಅಣ್ಣ ಆ ಓಣಿಗೆ ಒಂದು ಪದ ಕಟ್ಟಿದ. ಬುಡದಿಂದ ತುದಿಯವರೆಗೆ ಮನೆಗೊಂದು ಸುತ್ತು. ಪ್ರತಿ ನವೆಂಬರಿನ ಮೊದಲ ಶನಿವಾರ ಎಲ್ಲ ಸೇರಿ, ಎಂಟು ಪ್ಯಾನು ಕೂಡಿಸಿ, ಓಣಿಯನ್ನು ಬುಡದಿಂದ ತುದಿವರೆಗೆ ನುಡಿಸುತ್ತಾರೆ. ಅವರಲ್ಲಿ ಪದವನ್ನು ಕಾಗದದ ಮೇಲೆ ಬರೆಯುವುದಿಲ್ಲ, ಪಕ್ಕದಲ್ಲಿ ನಿಂತು ಕೇಳಿಸಿಕೊಂಡು ಕಲಿಯುವುದೇ ಪದ್ಧತಿ. ಉಳಿದವರಿಗೆ ಅವರವರ ಜೊತೆನಾದ ಮಾತ್ರ ಗೊತ್ತು; ಮುಂದಾಳಿನ ಪದ ಅಣ್ಣನೊಬ್ಬನದು. ಕೊನೆಗಾಲದಲ್ಲಿ ಅಣ್ಣನಿಗೆ ಮರೆವು ಬಂತು. ಪೂರ್ತಿ ಮರೆಯುವ ಮೊದಲು ಬಿಳೀ ಮೇಣದ ಪೆನ್ಸಿಲಿನಲ್ಲಿ ಪ್ಯಾನಿನ ಸುತ್ತ ಬರೆದಿಟ್ಟು, ಕಳೆದ ಚಳಿಗಾಲದಲ್ಲಿ ಸತ್ತ. ಅದನ್ನು ನೋಡಿಕೊಂಡೇ ತಮ್ಮ ಕಲಿಯುತ್ತಿದ್ದ. ಇನ್ನು ಮೂರು ವಾರಕ್ಕೆ ಆ ಶನಿವಾರ.

"ಫೋಟೋ?" ಅಂತ ನಿಸರ್ಗಾ ಕೇಳಿದಳು. ತಿನ್ನುವ ದೋಸೆಗೂ ಫೋಟೋ ತೆಗೆಯುವ ಊರಿನಲ್ಲಿ ಅದೊಂದಕ್ಕೆ ಮಾತ್ರ ಯಾರೂ ತೆಗೆದಿರಲಿಲ್ಲ. ಹಳೇ ವಿಡಿಯೋ ಒಂದೆರಡಿದ್ದವು, ಅವುಗಳಲ್ಲಿ ನಗು, ಮಾತು, ತಟ್ಟೆ ಸದ್ದೇ ಎಲ್ಲ.

ಅಷ್ಟು ಮುಖ್ಯವಾಗಿದ್ದರೆ ಉಳಿಯಲ್ಲಿ ಹೊಡೆಸಬಾರದಾಗಿತ್ತಾ, ನಾವು ಮದುವೆ ಪಾತ್ರೆ ಮೇಲೆ ಹೆಸರು ಹೊಡೆಸುವ ಹಾಗೆ? ಹುಚ್ಚಮ್ಮನ ಮನಸ್ಸಿನಲ್ಲಿ ಬಂತು, ಬಾಯಿಗೆ ತರಲಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿ ಕೂತಿದ್ದಳು. ಪಿಟ್ರಾಯಪ್ಪ ಬೈಯಲಿಲ್ಲ. ಒಂದು ಕಜ್ಜಾಯ ಕೈಗೆತ್ತಿಕೊಂಡು, ತಿನ್ನದೆ, "ಥ್ಯಾಂಕ್ ಯೂ" ಅಂದ. ಆ ಇಂಗ್ಲಿಷು ಅವಳಿಗೆ ಗೊತ್ತಿತ್ತು. ಕಪಾಳಕ್ಕೆ ಹೊಡೆದಿದ್ದರೆ ವಾಸಿಯಿತ್ತು.

ಗುರುಕಿರಣ ರಾತ್ರಿ ಊಟಕ್ಕೆ ಮುಂಚೆ ಪಕ್ಕದ ಮನೆಗೆ ಹೋಗಿ ಕ್ಷಮೆ ಕೇಳಿಕೊಂಡು ಬಂದ. ಕಣ್ಣು ಕೆಂಪಾಗಿತ್ತು. "ಉಗೀಲಾ, ಉಗ್ದುಬುಡು" ಅಂದಳು ಅವ್ವ. ಅವನು ಉಗಿಯಲಿಲ್ಲ. ಪಕ್ಕ ಕೂತು ಅವಳ ಕೈ ಹಿಡಿದು, "ನಿನ್ನ ತಪ್ಪಲ್ಲ ಕಣವ್ವ, ಕಾಯಿಲೆ" ಅಂದ. ಬೈದಿದ್ದರೆ ತಿರುಗಿಸಿ ಬೈಯುತ್ತಿದ್ದಳು. ಪಾತ್ರೆ ತೊಳೆದದ್ದೂ ಕಾಯಿಲೆಯ ಲೆಕ್ಕಕ್ಕೆ ಹೋಯಿತು.

ಮಾರನೇ ದಿನ ಅವನು ಸಡಿಲ ಹಲಗೆಗೆ ಬೆರಳುದ್ದದ ನಾಲ್ಕು ಸ್ಕ್ರೂ ಹೊಡೆದ. ಹಿತ್ತಲ ಬಾಗಿಲಿಗೂ ಒಂದು ಬಿಳೀ ಬಿಲ್ಲೆ ಅಂಟಿಸಿದ. ತೆಗೆದರೆ ಟಿಂಗ್ ಅಂದು ಅವನ ಫೋನಿಗೆ ಸುದ್ದಿ. ಕೆಲಸ ಮುಗಿಸಿ, ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತಲೇ ಗ್ಯಾರೇಜಿಗೆ ಹೋಗಿ, ಸ್ಕ್ರೂಡ್ರೈವರನ್ನು ಬಟ್ಟೆ ಒಗೆಯುವ ಮಿಷಿನ್ನಿನ ಪಕ್ಕದ ಹಳೇ ಶೂ ಡಬ್ಬಕ್ಕೆ ಎಸೆದು ಮುಚ್ಚಿ ಬಂದ. ಹುಚ್ಚಮ್ಮ ಕೂತಲ್ಲಿಂದ, ತೆರೆದಿದ್ದ ಬಾಗಿಲಲ್ಲಿ ನೋಡುತ್ತಿದ್ದಳು. ನೋಡುವುದು ಬಿಟ್ಟು ಅವಳಿಗೆ ಇನ್ನೇನೂ ಉಳಿದಿರಲಿಲ್ಲ.

ಎರಡು ದಿನ ಬಿಟ್ಟು ಗಂಡ ಹೆಂಡತಿ ಅಡಿಗೆಮನೆಯಲ್ಲಿ ಅರ್ಧ ಇಂಗ್ಲಿಷಿನಲ್ಲಿ ಪಿಸುಗುಟ್ಟುತ್ತಿದ್ದರು. ಲಿವರ್‌ಮೋರ್ ಅನ್ನುವುದು ಕಿವಿಗೆ ಬಿತ್ತು. ದೇವಸ್ಥಾನಕ್ಕೆ ಹೊರಟಿದ್ದಾರೇನೋ ಅಂದುಕೊಂಡಳು. "ಎರಡು ವಾರ ಬಿಟ್ಟು ಬರೋ ಶನಿವಾರ ಒಂದು ಜಾಗ ನೋಡ್ಕೊಂಡು ಬರೋಣವ್ವ, ದೇವಸ್ಥಾನದ ಹತ್ರಾನೇ" ಅಂದ ಮಗ, ಮುಖ ನೋಡದೆ. ಮುಖ ನೋಡದೆ ಹೇಳಿದ ಮಾತಿನಲ್ಲಿ ಹುಳುಕಿರುತ್ತದೆ. ನಿಸರ್ಗಾಳನ್ನು ಪಕ್ಕಕ್ಕೆ ಕರೆದು ಕೇಳಿದಳು.

"ಮೆಮೊರಿ ಕೇರ್ ಅಜ್ಜಿ. ಮರ್ತೋಗೋರೆಲ್ಲ ಒಟ್ಟಿಗೆ ಇರೋ ಮನೆ."

"ಬಾಗ್ಲಿಗೆ ಬೀಗ ಇರ್ತದಾ?"

ಹುಡುಗಿ ಕಾಲಿನ ಹೆಬ್ಬೆರಳು ನೋಡಿದಳು. "ಕೋಡ್ ಇರತ್ತೆ. ನಿಂಗೆ ಹೇಳಲ್ಲ."

ಇಲ್ಲಿ ಗುಂಡಿಯಾದರೂ "ಅವ್ವಾ" ಅನ್ನುತ್ತದೆ. ಅಲ್ಲಿ ಯಾರು ಅನ್ನುತ್ತಾರೆ? ಗ್ರಾಂಥಿಕದವನು ಫೋನಿನಲ್ಲಿ ಅನ್ನುತ್ತಾನಾ? ಯಾವ ಶನಿವಾರ ಅಂತ ಹುಚ್ಚಮ್ಮ ಬೆರಳು ಮಡಿಸಿ ಎಣಿಸಿದಳು. ಪಿಟ್ರಾಯಪ್ಪನ ಶನಿವಾರವೇ ಅದು.

ಬೇಲಿಯಾಚೆ ಈಗ ಸದ್ದಿರಲಿಲ್ಲ. ಹತ್ತು ಗಂಟೆಗೆ ಒಂದೆರಡು ಸ್ವರ ಬರುತ್ತಿದ್ದವು, ತಡವರಿಸುತ್ತಿದ್ದವು, ನಿಲ್ಲುತ್ತಿದ್ದವು. ಆ ನಿಲ್ಲುವುದನ್ನು ಕೇಳಿ ಕೇಳಿ ಹುಚ್ಚಮ್ಮನ ಬಾಯಿ ತನ್ನಷ್ಟಕ್ಕೆ ಮುಂದಿನದನ್ನು ಗುನುಗಿತು. ಅರೆ! ಅಂತ ಎದ್ದು ಕೂತಳು. ಪೂರ್ತಿ ಇದೆಯಾ ಒಳಗೆ? ಮರೆವಿನ ಕಾಯಿಲೆಯವಳ ಒಳಗೆ?

ಇದೆಯೋ ಇಲ್ಲವೋ ನೋಡಿಯೇ ಬಿಡುತ್ತೇನೆ ಅಂತ ಮಧ್ಯಾಹ್ನ ಸೋಫಾದ ಮೇಲೆ ಕೂತಳು. ಮಾತಿಲ್ಲದ ದನಿಯನ್ನು ಅವಳು ಹಿಡಿದಿಡಲಾರಳು, ಅದಕ್ಕೆ ಮಾತು ಬೇಕು. ಮನೆಗೊಂದು ಸುತ್ತು ಅಂದಿದ್ದ. ಅವನ ಓಣಿಯ ಮನೆಗಳು ಅವಳಿಗೆ ಗೊತ್ತಿಲ್ಲ, ಆದ್ದರಿಂದ ತನ್ನೂರ ಬೀದಿಯ ಮನೆಗಳನ್ನೇ ತಂದು ಕೂರಿಸಿದಳು. ಮೊದಲ ಸುತ್ತಿಗೆ, "ಬಾವಿ ಮಗ್ಗುಲು ಚಿಕ್ಕತಾಯಮ್ಮ, ಬೆಲ್ಲ ಕೇಳಿದರೆ ಬೈತಾಳೆ." ಕುಂಟುವ ಹಾಗೆ ಹೋಗುವ ಮೂರನೆಯದಕ್ಕೆ, "ಕೋಲು ಮುಂದೆ ಕಾಲು ಹಿಂದೆ, ನಿಂಗಣ್ಣ ಬಂದ ದಾರಿ ಬಿಡಿ." ಹೀಗೆ ಬೀದಿ ಹತ್ತುತ್ತಾ ಹೋದಳು. ಎಷ್ಟೋ ವರ್ಷದಿಂದ ನೆನೆಯದ ಬಾಗಿಲುಗಳೆಲ್ಲ ತೆರೆದುಕೊಂಡವು, ಸತ್ತವರೂ ಬಂದು ಜಗಲಿ ಮೇಲೆ ಕೂತರು. ಬೆರಳು ಮಡಿಸುತ್ತಾ ತುದಿ ಮುಟ್ಟಿದಾಗ ಲೆಕ್ಕ ಇಪ್ಪತ್ತೊಂದು.

ಮತ್ತೆ ಎಣಿಸಿದಳು. ಇಪ್ಪತ್ತೊಂದು. ಮಾರನೇ ದಿನ ಎಣಿಸಿದಳು. ಇಪ್ಪತ್ತೊಂದೇ.

ಒಂದು ಮನೆ ಇಲ್ಲ. ಎಲ್ಲಿ ಹೋಯಿತು? ಕೊಡೆ, ಕುದುರೆ, ಕಿತ್ತಳೆ ಇದ್ದವು, ಮನೆಯೊಂದು ಇರಲಿಲ್ಲ. ಅವತ್ತು ಹುಚ್ಚಮ್ಮ ಊಟ ಮುಟ್ಟಲಿಲ್ಲ. ಡಾಕ್ಟರು ಹೇಳಿದ್ದೇ ನಿಜ ಹಾಗಾದರೆ. ಮಗ ಹೇಳಿದ್ದೂ ನಿಜ. ಹೋಗಬೇಕಾದ್ದೇ ಲಿವರ್‌ಮೋರಿಗೆ. ಅಳು ಬಂತು, ಒಬ್ಬಳೇ ಕೂತು ಸಣ್ಣ ಮಗುವಿನ ಹಾಗೆ ಅತ್ತಳು. ಅಳುವಾಗ ಸದ್ದಾದರೆ ಇದಕ್ಕೂ ಎಲ್ಲಿಂದಾದರೂ ಟಿಂಗ್ ಅನ್ನುತ್ತದೇನೋ ಅಂತ ಸೆರಗು ಬಾಯಿಗೆ ತುರುಕಿಕೊಂಡಳು.

ನಾಲ್ಕು ದಿನ ಹೀಗೆ ಒದ್ದಾಡಿದ ಮೇಲೆ, ಐದನೇ ದಿನ, ಅವಳಿಗೆ ಹೊಳೆಯಿತು. ಒಂದು ಹೋದರೆ ಹೋಗಲಿ, ಇಪ್ಪತ್ತೊಂದಾದರೂ ಆ ಮುದುಕನಿಗೆ ಸಿಗಬೇಡವಾ? ಕಳೆದವಳು ನಾನು, ಉಳಿದದ್ದನ್ನಾದರೂ ಕೊಟ್ಟು ಹೋಗುತ್ತೇನೆ. ಬಾಗಿಲು ಎರಡೂ ಕಾವಲಿನಲ್ಲಿದ್ದವು. ಅಡಿಗೆಮನೆಯ ಸಿಂಕಿನ ಮೇಲಿನ ಕಿಟಕಿಗೆ ಮಾತ್ರ ಬಿಲ್ಲೆ ಅಂಟಿಸಿರಲಿಲ್ಲ. ಎಪ್ಪತ್ತರ ಮುದುಕಿ ಸಿಂಕು ಹತ್ತಿ ಹಾರಿಯಾಳೇ ಅಂತ ಬಿಟ್ಟಿದ್ದರು. ಅದರಾಚೆ ಎರಡು ಮಾರಿಗೆ ಬೇಲಿ. ಹತ್ತು ಗಂಟೆಗೆ ಆಚೆಯಿಂದ ಎರಡು ಸ್ವರ ಬಂದು ನಿಂತವು. ಹುಚ್ಚಮ್ಮ ಕಿಟಕಿ ಸರಿಸಿ, ಮದುವೆ ಚಪ್ಪರಕ್ಕೆ ಕೇಳುವ ದನಿಯಲ್ಲಿ ಎತ್ತಿದಳು.

"ಬಾವಿ ಮಗ್ಗುಲು ಚಿಕ್ಕತಾಯಮ್ಮ, ಬೆಲ್ಲ ಕೇಳಿದರೆ ಬೈತಾಳೇ..."

ಮತ್ತೆ ಹಾಡಿದಳು. ಟಣ್, ಟಣ್ಟಣ್, ಅಂತ ಪ್ಯಾನು ಹುಡುಕಿತು. "ಊಹೂಂ" ಅಂದಳು. ಇನ್ನೊಮ್ಮೆ ಹುಡುಕಿತು. "ಊಹೂಂ, ಮ್ಯಾಕೆ ಓಗು, ಮ್ಯಾಕೆ." ಕನ್ನಡ ಅವನಿಗೆ ಎಲ್ಲಿಂದ ತಿಳಿಯಬೇಕು? ಆದರೆ ಊಹೂಂ ತಿಳಿಯಿತು. ಎಂಟನೇ ಸಲಕ್ಕೆ ಸರಿಯಾಯಿತು. "ಹ್ಞೂಂ!" ಅಂದಳು ಹುಚ್ಚಮ್ಮ. ಆಚೆಯಿಂದ ಮುದುಕ ನಕ್ಕದ್ದು ಕೇಳಿಸಿತು.

ದಿನಾ ಎರಡು ಮನೆ, ಮೂರು ಮನೆ. ಮುಖ ಕಾಣದು, ಮಾತು ತಿಳಿಯದು. ಊಹೂಂ, ಹ್ಞೂಂ, ಇವೆರಡೇ. ನಿಂಗಣ್ಣನ ಕುಂಟು ಸಿಗಲು ಒಂದಿಡೀ ಬೆಳಿಗ್ಗೆ ಬೇಕಾಯಿತು. ಆ ಶನಿವಾರಕ್ಕೆ ಐದು ದಿನ ಇರುವಾಗ ಹದಿನಾರನೇ ಮನೆ ಮುಗಿಯಿತು. ಕಳೆದ ಮನೆ ಎಲ್ಲಿಯದು ಅಂತ ಅವಳಿಗೆ ಗೊತ್ತಿಲ್ಲ, ಆದರೆ ಇಲ್ಲೇ ಎಲ್ಲೋ ಅಂತ ಅನುಮಾನ. ಇಲ್ಲಿಗೆ ಬಂದಾಗೆಲ್ಲ ದಾರಿಯಲ್ಲಿ ಗುಂಡಿ ಬಂದ ಹಾಗಾಗುತ್ತಿತ್ತು. ಹಾಡದೆ ನಿಂತಳು. "ಇಲ್ಲ ಕಣಣ್ಣ" ಅಂದಳು ಬೇಲಿಗೆ. "ಒಂದು ನನ್ನ ತಾವ ಇಲ್ಲ. ಮರ್ತೋಯ್ತು."

ಆಚೆಯಿಂದ ಹಲಗೆಯ ಮೇಲೆ ಕಡ್ಡಿಯಿಂದ ತಟ್ಟಿದ ಸದ್ದು. ಟಕ್, ಟಕ್, ಟಕ್, ಟಕ್. ನಾಲ್ಕು ಸಲ. ಅದರ ಹಿಂದೆಯೇ, ಅವನು ಮುಂದಿನ ಸುತ್ತಿನ ಮೊದಲ ಎರಡು ಸ್ವರ ನುಡಿಸಿದ. ಮತ್ತೆ ಟಕ್, ಟಕ್, ಟಕ್, ಟಕ್, ಮತ್ತೆ ಅವೇ ಎರಡು ಸ್ವರ.

ಹುಚ್ಚಮ್ಮ ಸಿಂಕಿನ ಅಂಚು ಹಿಡಿದು ನಿಂತಳು. ಆ ನಾಲ್ಕು ತಿಂಗಳೂ ದಿನಾ ಹದಿನಾರು ಆದ ಮೇಲೆ ಅವನು ನಾಲ್ಕು ಉಸಿರು ಸುಮ್ಮನಿರುತ್ತಿದ್ದ. ಟೀ ಕುಡಿಯುತ್ತಾನೆ ಅಂದುಕೊಂಡಿದ್ದಳು! ಅದು ಟೀ ಅಲ್ಲ, ಅದೇ ಹದಿನೇಳನೇ ಮನೆ. ಬೀಗ ಹಾಕಿದ ಮನೆ, ತಟ್ಟಿದರೂ ತೆರೆಯದ್ದು. ಆ ಕಡೆಯವರೆಲ್ಲ ಸೇರಿದಾಗ ಅಲ್ಲಿ ತಟ್ಟಿ ಮುಂದೆ ಹೋಗುತ್ತಿದ್ದರೇನೋ. ಒಬ್ಬನೇ ಇದ್ದಾಗ ಇವನು ಸುಮ್ಮನೆ ಕಾದು ಮುಂದೆ ಹೋಗುತ್ತಿದ್ದ. ಅವಳು ಏನನ್ನೂ ಮರೆತಿರಲಿಲ್ಲ. ಇಪ್ಪತ್ತೊಂದು ಹಾಡು, ಒಂದು ಮೌನ. ಎಲ್ಲ ಇತ್ತು, ಮೊದಲಿನಿಂದಲೂ ಎಲ್ಲ ಇತ್ತು. "ಅಯ್ಯೋ ನನ್ನಪ್ಪನೇ!" ಅಂತ ನಕ್ಕಳು, ನಗುತ್ತಾ ಮತ್ತೆ ಅತ್ತಳು, ಆಮೇಲೆ ಸಿಂಕನ್ನು ನಾಲ್ಕು ಸಲ ತಟ್ಟಿ ಹದಿನೆಂಟನೇ ಮನೆಗೆ ಹೋದಳು.

ಶುಕ್ರವಾರ ಇಪ್ಪತ್ತೆರಡೂ ಮುಗಿದವು. ಮನೆಯಲ್ಲಿ ಇದನ್ನು ಹೇಳಬೇಕು ಅನ್ನಿಸಿತು. ಹೇಳಿದರೆ ಕಿಟಕಿಗೂ ಬಿಲ್ಲೆ ಬೀಳುತ್ತದೆ, ಬೇಲಿಯೊಂದಿಗೆ ಮಾತಾಡುತ್ತಾಳೆ ಅನ್ನುತ್ತಾರೆ. ಸುಮ್ಮನಾದಳು.

ಶನಿವಾರ ಹನ್ನೊಂದಕ್ಕೆ ನವ್ಯಾ ಅವಳಿಗೆ ರೇಷ್ಮೆ ಸೀರೆ ಉಡಿಸಿ, ತಲೆ ಬಾಚಿ, ಕಾರಿನ ಹಿಂದಿನ ಸೀಟಿನಲ್ಲಿ ನಿಸರ್ಗಾಳ ಪಕ್ಕ ಕೂರಿಸಿದಳು. ಬೆಲ್ಟ್ ಟಕ್ಕಂತ ಬಿತ್ತು. ಬಾಗಿಲು ಒಳಗಿಂದ ತೆಗೆಯಲು ಬಾರದ ಹಾಗೆ ಲಾಕು, ಗಾಜೂ ಅಷ್ಟೇ. ಪಕ್ಕದ ಮನೆಯ ಗ್ಯಾರೇಜು ತೆರೆದಿತ್ತು. ಏಳು ಜನ ಮುದುಕ ಮುದುಕಿಯರು ತಿದ್ದಿ ತೀಡಿಕೊಂಡು ಬಂದು ಪ್ಯಾನುಗಳ ಹಿಂದೆ ನಿಂತಿದ್ದರು. ಡ್ರೈವ್‌ವೇ ತುಂಬಾ ಮಕ್ಕಳು ಮರಿ. ಮುಂದೆ ಪಿಟ್ರಾಯಪ್ಪ, ಮುಖ ಕಾಣುವ ಹಾಗೆ ಹೊಳೆಯುವ ಪ್ಯಾನು. ಗುರುಕಿರಣ ಅವರಿಗೆ ಕೈ ಬೀಸಿ ಕಾರನ್ನು ಹಿಂದಕ್ಕೆ ತೆಗೆದು, ಅಡ್ಡ ನಿಂತ ಮಕ್ಕಳು ದಾರಿ ಬಿಡಲಿ ಅಂತ ಕಾದ.

ಪದ ಶುರುವಾಯಿತು. ಗಾಜಿನೊಳಗಿಂದ ನೀರಿನಡಿಯ ಹಾಗೆ ಕೇಳುತ್ತಿತ್ತು, ಆದರೂ ಕೇಳುತ್ತಿತ್ತು. ಚಿಕ್ಕತಾಯಮ್ಮ ಬಂದಳು. ನಿಂಗಣ್ಣ ಕುಂಟುತ್ತಾ ಬಂದ. ಹಿಂದೆ ಏಳು ಪ್ಯಾನು ಗುಂಯ್ಗುಡುತ್ತಿದ್ದವು. ಎಂಟನೇ ಮನೆ ದಾಟಿತು. ಒಂಬತ್ತರಲ್ಲಿ ಪಿಟ್ರಾಯಪ್ಪನ ಕೈ ತಡವರಿಸಿತು, ಇನ್ನೊಮ್ಮೆ ತಡವರಿಸಿತು, ನಿಂತಿತು. ಉಳಿದವರು ಅವನು ಬರಲಿ ಅಂತ ಒಂದೇ ಜಾಗದಲ್ಲಿ ಸುತ್ತುತ್ತಾ ಕಾದರು. ಅವನು ಬರಲಿಲ್ಲ. ಬಗ್ಗಿ ಪ್ಯಾನಿನ ಸುತ್ತನ್ನು ನೋಡಿದ. ಅಲ್ಲಿ ಏನಿತ್ತು, ಬರೀ ಹೊಳಪು.

ಹುಚ್ಚಮ್ಮ ಗಾಜಿಗೆ ಗುದ್ದಿದಳು. "ಗಾಜು ಇಳ್ಸು! ಗಾಜು ಇಳ್ಸ್ಲಾ ಕಿರಣ!"

"ಅವ್ವಾ, ಅಪಾಯಿಂಟ್‌ಮೆಂಟಿಗೆ ಲೇಟಾಗ್ತದೆ..."

"ಇಳ್ಸ್ತೀಯೋ ಇಲ್ಲ ಒಡೀಲೋ?"

"ಅಪ್ಪಾ, ಅಜ್ಜಿ ಹೇಳ್ತಿದಾಳಲ್ಲ, ಇಳಿಸು!" ಅಂತ ಕಿರುಚಿದಳು ನಿಸರ್ಗಾ. ಮಗಳ ಬಾಯಲ್ಲಿ ಇಷ್ಟುದ್ದ ಕನ್ನಡ ಕೇಳಿ ದಿಗಿಲಾಗಿಯೋ, ಅವ್ವನಿಗೆ ಏನೋ ಆಗಿಹೋಯಿತು ಅಂತಲೋ, ಗುರುಕಿರಣ ಗಾಜು ಇಳಿಸಿದ.

ಬೆಲ್ಟು ಬಿಗಿದಿದ್ದಂತೆಯೇ ಹುಚ್ಚಮ್ಮ ತಲೆ ಆಚೆ ಹಾಕಿ ಒಂಬತ್ತನೇ ಮನೆಯನ್ನು ಎತ್ತಿದಳು. ಡ್ರೈವ್‌ವೇಯ ಜನ ಎಲ್ಲ ತಿರುಗಿದರು. ಪಿಟ್ರಾಯಪ್ಪ ತಲೆ ಎತ್ತಲಿಲ್ಲ, ಅವನ ಕೈ ಎದ್ದವು. ಅವಳು ಒಂದು ಹೆಜ್ಜೆ ಮುಂದೆ, ಅವನು ಒಂದು ಹೆಜ್ಜೆ ಹಿಂದೆ. ಹತ್ತು, ಹನ್ನೊಂದು, ಹದಿನಾರು. ಆಮೇಲೆ ಅವಳು ಕಾರಿನ ಬಾಗಿಲಿಗೆ ಗೆಣ್ಣಿನಿಂದ ಟಕ್, ಟಕ್, ಟಕ್, ಟಕ್ ಅಂತ ತಟ್ಟಿದಳು. ಅದೇ ಗಳಿಗೆಗೆ ಎಂಟು ಜನರೂ ಪ್ಯಾನಿನ ಅಂಚಿಗೆ ತಟ್ಟಿದರು. ಹಸಿರು ಟೋಪಿಯ ಮುದುಕಿಯೊಬ್ಬಳು ತಟ್ಟುತ್ತಲೇ ಅಳಲು ಶುರುಮಾಡಿದಳು. ಯಾರ ಮನೆಯೋ ಅದು. ಪದ ಮುಂದೆ ಹತ್ತಿತು, ಇಪ್ಪತ್ತೆರಡನ್ನು ಮುಟ್ಟಿ ನಿಂತಿತು.

ಪಿಟ್ರಾಯಪ್ಪ ಕಡ್ಡಿಗಳನ್ನು ಕಂಕುಳಲ್ಲಿಟ್ಟು ಕಾರಿನ ಹತ್ತಿರ ಬಂದ. ಗುರುಕಿರಣನ ಕಿಟಕಿಗೆ ಬಗ್ಗಿ ಬಹಳ ಹೊತ್ತು ಮಾತಾಡಿದ. ಹುಚ್ಚಮ್ಮನಿಗೆ ಒಂದಕ್ಷರ ತಿಳಿಯಲಿಲ್ಲ, ಮಗನ ಕತ್ತಿನ ಹಿಂಭಾಗ ಮಾತ್ರ ಕಾಣುತ್ತಿತ್ತು. ಅದು ಮೆಲ್ಲಗೆ ಕೆಳಗೆ ಬಗ್ಗಿತು.

"ಏನಂತೆ?" ಅಂತ ಮೊಮ್ಮಗಳನ್ನು ಕೇಳಿದಳು.

"ನೀನು ಕಿಟಕಿಯಿಂದ ಡೈಲಿ ಅವರಿಗೆ ಕಲಿಸಿದೆ ಅಂತ. ಅವರಿಗೆ ಮರ್ತೋಗಿತ್ತು, ನಿಂಗೆ ಮರ್ತಿಲ್ಲ ಅಂತ. ಒಂದೂ ಮರ್ತಿಲ್ಲ ಅಂತ."

ಗುರುಕಿರಣ ಫೋನು ತೆಗೆದು ಯಾರಿಗೋ ಎರಡು ಮಾತು ಹೇಳಿದ. "ನಾಟ್ ಟುಡೇ" ಅನ್ನುವುದು ಹುಚ್ಚಮ್ಮನಿಗೆ ತಿಳಿಯಿತು. ಇವತ್ತಿಲ್ಲ ಅಂದರೆ ನಾಳೆ ಇದೆ ಅಂತಲೂ ಆಗುತ್ತದಲ್ಲ ಅಂದುಕೊಂಡಳು. ಕಾರು ಬಂದ ದಾರಿಯಲ್ಲೇ ಮುಂದಕ್ಕೆ ಹೋಗಿ ನಿಂತಿತು.

ಸಂಜೆಯವರೆಗೂ ಅವನು ಅವ್ವನ ಹತ್ತಿರ ಸುಳಿಯಲಿಲ್ಲ. ಆಮೇಲೆ ಬಂದು, ಅವಳು ಸೊಪ್ಪು ಬಿಡಿಸುತ್ತಿದ್ದ ಕಡೆ ನೆಲದ ಮೇಲೆ ಕೂತ. "ಅಷ್ಟೆಲ್ಲ ಹೆಂಗವ್ವ ನೆನಪಿಟ್ಕೊಂಡೆ?"

"ಬಾಗ್ಲಾಕಿ ಕೂರ್ಸುದ್ರೆ ಇನ್ನೇನ್ ಮಾಡ್ಲಪ್ಪ" ಅಂದಳು ಹುಚ್ಚಮ್ಮ, ಸೊಪ್ಪಿನಿಂದ ಕಣ್ಣೆತ್ತದೆ. "ಕೇಳುಸ್ಕೊಂಡೆ."

ಅವನು ಎದ್ದು ಹಿತ್ತಲಿಗೆ ಹೋಗಿ, ಸ್ಕ್ರೂ ಹೊಡೆದ ಹಲಗೆಯ ಮುಂದೆ ನಿಂತು, ವಾಪಸ್ಸು ಬಂದು ಗ್ಯಾರೇಜಿಗೆ ಹೋದ. ಡ್ರಾಯರು ಎಳೆದ ಸದ್ದು, ಮುಚ್ಚಿದ ಸದ್ದು, ಇನ್ನೊಂದು ಎಳೆದ ಸದ್ದು. ಏನೋ ಕೆಳಗೆ ಬಿತ್ತು. "ನವ್ಯಾ, ಸ್ಕ್ರೂಡ್ರೈವರು ಎಲ್ಲಿಟ್ಟೆ ನಾನು?" ಅಂತ ಕೂಗಿದ. "ನಂಗೇನು ಗೊತ್ತು, ನೀವೇ ಇಟ್ಟಿದ್ದಲ್ವಾ" ಅಂದಳು ಅವಳು ಮೇಲಿಂದ. ಕಾಲು ಗಂಟೆ ಹುಡುಕಿದ.

"ಕಿರಣಾ" ಅಂದಳು ಹುಚ್ಚಮ್ಮ ಕೂತಲ್ಲಿಂದಲೇ. "ಬಟ್ಟೆ ಮಿಷಿನ್ ಪಕ್ಕ ಹಳೇ ಸೂ ಡಬ್ಬ ಅದಲ್ಲ, ಅದ್ರೊಳ್ಗೆ ನೋಡ್ಲಾ. ಅವತ್ತು ಪೋನಲ್ಲಿ ಮಾತಾಡ್ಕೊಂಡು ನೀನೇ ಎಸ್ದೆ."

ಗ್ಯಾರೇಜಿನಲ್ಲಿ ಸದ್ದು ನಿಂತಿತು. ಆಮೇಲೆ ಡಬ್ಬದ ಮುಚ್ಚಳ ತೆಗೆದ ಸದ್ದು ಕೇಳಿಸಿತು.